ಗೋಡೆಯ ಪಾಚಿ ತೊಳೆಯುವುದು ಪತ್ತನಾಜೆಗೆ ಮೊದಲಾ, ದೀಪಾವಳಿ ಕಳೆದ ಮೇಲಾ?

ಬಿಜೈ ಮನೆ · ಸೆಪ್ಟೆಂಬರ್ 25

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನ ಬಿಜೈಯಲ್ಲಿ 22 ವರ್ಷ ಹಳೆಯ ಆರ್‌ಸಿಸಿ ಮನೆ. ಕಾಂಪೌಂಡ್ ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆ), ಅಂಗಳಕ್ಕೆ ಇಂಟರ್‌ಲಾಕ್ ಇಟ್ಟಿಗೆ, ಹಿಂದುಗಡೆ ಬಾವಿ ಉಂಟು. ಈ ವರ್ಷ ಮೇ ಎರಡನೇ ವಾರದಲ್ಲಿ ಹೊರಗಿನ ಗೋಡೆ ಪೂರ್ತಿ ಪ್ರೆಷರ್ ವಾಷರ್‌ನಲ್ಲಿ ತೊಳೆಸಿದೆ. ತೊಳೆದು ನಾಲ್ಕನೇ ದಿನಕ್ಕೆ ಪೇಂಟ್ ಶುರು. ಎರಡು ಕೋಟ್. ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ ಬರುವ ತುಳುನಾಡಿನ ಆಚರಣೆಯ ದಿನಕ್ಕೆ, ಸರಿಯಾಗಿ ಕೆಲಸ ಮುಗಿಯಿತು. ಮಳೆಗೆ ಮೊದಲೇ ಮಾಡಿದರೆ ಮನೆಗೆ ರಕ್ಷಣೆ ಎಂದು ಕಾಂಟ್ರಾಕ್ಟರ್ ಹೇಳಿದ್ದು. ನನಗೂ ಸರಿ ಅನಿಸಿತು. ಕೊಡೆ ಮಳೆಗೆ ಮೊದಲೇ ತೆಗೆದುಕೊಳ್ಳುವುದಲ್ವಾ?

ಆಗಸ್ಟ್ ಬರುವಾಗ ಉತ್ತರದ ಗೋಡೆ ಹಸಿರು. ಪಡು (ಪಶ್ಚಿಮ) ಬದಿಯಲ್ಲಿ ಪೇಂಟ್ ಹಪ್ಪಳದ ಹಾಗೆ ಉಬ್ಬಿದೆ. ಒಂದು ಗುಳ್ಳೆಯನ್ನು ಬೆರಳಲ್ಲಿ ಒತ್ತಿ ನೋಡಿದೆ. ಪಟ್ ಎಂದು ಒಡೆದು ಚಹದ ಬಣ್ಣದ ನೀರು ಮಣಿಕಟ್ಟಿನವರೆಗೆ ಇಳಿಯಿತು. ಕಾಂಟ್ರಾಕ್ಟರಿಗೆ ಫೋನ್ ಮಾಡಿದರೆ "ಅದು ನಿಮ್ಮ ಗೋಡೆಯ ತೇವ, ವಾರಂಟಿಯಲ್ಲಿ ಬರುವುದಿಲ್ಲ" ಎನ್ನುತ್ತಾರೆ. ಮೊನ್ನೆ ಅಮ್ಮ ಹಿಂಬದಿಯ ಮೆಟ್ಟಿಲಲ್ಲಿ ಜಾರಿ ಕೂತುಬಿಟ್ಟರು. ಪುಣ್ಯಕ್ಕೆ ಎಲುಬಿಗೆ ಏನೂ ಆಗಲಿಲ್ಲ.

ಈಗ ನವರಾತ್ರಿಗೆ ಮೊದಲು ಮತ್ತೆ ತೊಳೆಸಿಬಿಡುವ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ನಿಮ್ಮಲ್ಲಿ ಯಾವಾಗ ಮಾಡುತ್ತೀರಿ?

ಕಾಪು ಕಡಲ ಬದಿ · ಸೆಪ್ಟೆಂಬರ್ 25

ಈಗ ಬೇಡ ಮಾರಾಯ್ರೆ. ಈಗ ತೊಳೆದರೆ ಅಕ್ಟೋಬರ್‌ನಲ್ಲಿ ಸಂಜೆ ಸಂಜೆ ಗುಡುಗು ಮಳೆ ಬರುವಾಗ ಮತ್ತೆ ಅದೇ ಹಾಡು. ನಾವು ದೀಪಾವಳಿ ಕಳೆದು ಹದಿನೈದು ದಿನ ನೋಡಿ ಶುರು ಮಾಡುವುದು.

ಪೇಟೆ ಬಿಟ್ಟವ · ಸೆಪ್ಟೆಂಬರ್ 25

ನಾನು ಉತ್ತರದ ಗೋಡೆಗೆ ಹಸಿರು ಪೇಂಟೇ ಹೊಡೆಸಿದ್ದೇನೆ. ಈಗ ಪಾಚಿ ಯಾವುದು, ಪೇಂಟ್ ಯಾವುದು ಎಂದು ನನಗೇ ಗೊತ್ತಾಗುವುದಿಲ್ಲ. ನೆಮ್ಮದಿ.

ಸುರತ್ಕಲ್ ಪೇಂಟರ್ · ಸೆಪ್ಟೆಂಬರ್ 26

ನಾನು 19 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಬಿಜೈ ಅಣ್ಣ, ನಿಮ್ಮ ಕೆಲಸದಲ್ಲಿ ತಪ್ಪಾದದ್ದು ಮೇ ತಿಂಗಳು ಅಲ್ಲ. ತೊಳೆದ ನಾಲ್ಕನೇ ದಿನಕ್ಕೆ ಪೇಂಟ್ ಹೊಡೆದದ್ದು. ಪ್ರೆಷರ್ ವಾಷರ್ ನೀರನ್ನು ಗೋಡೆಯ ಮೇಲೆ ಹಾಕುವುದಲ್ಲ, ಬಿರುಕು ಇದ್ದಲ್ಲಿ ಒಳಗೆ ತಳ್ಳುತ್ತದೆ. ಮೇಲಿನಿಂದ ಎರಡು ಗಂಟೆಯಲ್ಲಿ ಒಣಗಿದ ಹಾಗೆ ಕಾಣುತ್ತದೆ, ಸಾರಣೆಯ ಒಳಗೆ ಹಸಿ ಹಾಗೇ ಇರುತ್ತದೆ. ಮೇ ತಿಂಗಳಲ್ಲಿ ಸೆಕೆ ಜಾಸ್ತಿ, ಗಾಳಿಯಲ್ಲೇ ನೀರು. ನಮ್ಮ ಬಟ್ಟೆಯೇ ಬೆವರಿಗೆ ಒಣಗುವುದಿಲ್ಲ, ಗೋಡೆ ಹೇಗೆ ಒಣಗುತ್ತದೆ? ಅದರ ಮೇಲೆ ಪೇಂಟ್ ಮುಚ್ಚಿದಿರಿ. ಒಳಗಿನ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ಗುಳ್ಳೆ ಬಂತು.

ಪಾಚಿಯದ್ದು ಬೇರೆ ಕಥೆ. ತೊಳೆದಾಗ ಹಸಿರು ಹೋಗುತ್ತದೆ, ಆದರೆ ಸಾಯುವುದಿಲ್ಲ. ಸಣ್ಣ ತೂತುಗಳಲ್ಲಿ ಉಳಿದದ್ದು ಮಳೆ ಬಿದ್ದ ಕೂಡಲೇ ಮತ್ತೆ ಏಳುತ್ತದೆ. ಮೊದಲು ಪಾಚಿ ಸಾಯಿಸುವ ಮದ್ದು ಹಚ್ಚಬೇಕು. ಅದು ಕಪ್ಪಾಗಿ ಒಣಗಿದ ಮೇಲೆ ಬ್ರಷ್‌ನಲ್ಲಿ ಉಜ್ಜಬೇಕು, ಆಮೇಲೆ ನೀರು. ನಮ್ಮವರು ಅವಸರಕ್ಕೆ ಮೊದಲನೆಯದನ್ನೇ ಬಿಡುವುದು. ಬೆಂಗಳೂರಿನಲ್ಲಿ ಅದು ನಡೆಯಬಹುದು. ಅಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ. ಇಲ್ಲಿ 4000ದ ಆಸುಪಾಸು, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ.

ಒಣಗಿದೆಯಾ ಇಲ್ಲವಾ ಎಂದು ನೋಡಲು ಮಿಷನ್ ಬೇಕಾಗಿಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ. ಒಂದು ಹಗಲು, ಒಂದು ರಾತ್ರಿ ಬಿಡಿ. ತೆಗೆಯುವಾಗ ಒಳಬದಿಯಲ್ಲಿ ಬೆವರು ಕಂಡರೆ ಪೇಂಟ್ ಡಬ್ಬಿಯ ಮುಚ್ಚಳ ತೆಗೆಯಬೇಡಿ.

ಬಿಜೈ ಮನೆ · ಸೆಪ್ಟೆಂಬರ್ 26

ಅಣ್ಣ, ಈ ಪ್ಲಾಸ್ಟಿಕ್ ವಿಷಯ ಮೇ ತಿಂಗಳಲ್ಲಿ ಯಾರಾದರೂ ಹೇಳಿದ್ದರೆ! ಹಾಗಾದರೆ ಮಳೆಗೆ ಮೊದಲು ಏನೂ ಮಾಡುವುದೇ ಬೇಡವಾ?

ಮೂಡಬಿದಿರೆ ತೋಟದ ಮನೆ · ಸೆಪ್ಟೆಂಬರ್ 27

ಮಾಡುವುದು ಬೇಕಾದಷ್ಟು ಉಂಟು, ಆದರೆ ಅದು ಗೋಡೆ ತೊಳೆಯುವುದಲ್ಲ. ಮಳೆಗೆ ಮೊದಲಿನ ಕೆಲಸ ನೀರಿನ ದಾರಿಯದ್ದು, ಮಳೆ ಕಳೆದ ಮೇಲಿನದು ಗೋಡೆಯದ್ದು. ನನ್ನ ಅತ್ತೆಯ ಲೆಕ್ಕ ಹೀಗೇ ಇತ್ತು.

ನಮ್ಮದು ಹಂಚಿನ ಮಾಡು (ಛಾವಣಿ). ಏಪ್ರಿಲ್‌ನಲ್ಲಿ ಹಂಚು ಕೈಯಾಡಿಸಲು ಜನ ಬರುತ್ತಾರೆ. ಒಡೆದ ಹಂಚು ಬದಲಿಸುವುದು, ಹಂಚಿನ ಅಡಿಯ ಮರ, ಪಕ್ಕಾಸು, ರೀಪು ಲಡ್ಡಾಗಿ ಕೊಳೆತಿದೆಯಾ ನೋಡುವುದು, ಹಂಚಿನ ಸಂದಿಯ ಕಸ ತೆಗೆಯುವುದು. ಆಮೇಲೆ ದಂಬೆ, ಅಂದರೆ ಮಾಡಿನ ಅಂಚಿನಲ್ಲಿ ನೀರು ಹರಿದು ಹೋಗುವ ಕಾಲುವೆ. ಹಲಸಿನ ಎಲೆ ಒಂದು ಬುಟ್ಟಿ ಸಿಗುತ್ತದೆ ಪ್ರತಿ ವರ್ಷ. ದಂಬೆ ಕಟ್ಟಿದರೆ ನೀರು ಹಿಂದೆ ಬಂದು ಗೋಡೆಯ ತಲೆಯ ಮೇಲಿಂದಲೇ ಇಳಿಯುತ್ತದೆ. ಆ ಗೋಡೆಗೆ ನೀವು ಎಷ್ಟು ಸಾವಿರದ ಪೇಂಟ್ ಹೊಡೆದರೂ ಹಸಿರೇ.

ಮೊದಲೆಲ್ಲ ಪಡು ಬದಿಯ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಳೆಯ ಇರಿಚಲು ಬಡಿಯದ ಹಾಗೆ. ಅಂಗಳಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಅದರ ಮೇಲೆ ನಡೆಯುತ್ತಿದ್ದೆವು, ಜಾರುವ ಪ್ರಶ್ನೆಯೇ ಇಲ್ಲ. ಈಗ ತಟ್ಟಿ ಹೆಣೆಯುವವರು ಸಿಗುವುದಿಲ್ಲ, ನಾವು ಶೇಡ್ ನೆಟ್ ಕಟ್ಟುತ್ತೇವೆ. ನೋಡಲು ಚಂದ ಇಲ್ಲ, ಕೆಲಸ ಮಾಡುತ್ತದೆ.

ಒಂದು ತಮಾಷೆ. ನಮ್ಮ ಕೆಲವು ಹಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು, ಕೆಳಗೆ 1865 ಎಂದು ಉಂಟು. ಮಗ ಶಾಲೆಯಲ್ಲಿ "ನಮ್ಮ ಮನೆ 1865ರದ್ದು" ಎಂದು ಹೇಳಿ ಬಂದ. ಅದು ಜೆಪ್ಪುವಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ, ಮನೆಯದ್ದಲ್ಲ. ಆದರೆ ಹಂಚು ಅಜ್ಜನ ಕಾಲದಿಂದ ಇದೆ. ಇಷ್ಟು ವರ್ಷ ಅದಕ್ಕೆ ಹಿಡಿಸೂಡಿಯಲ್ಲಿ ಗುಡಿಸುವುದು ಬಿಟ್ಟರೆ ಬೇರೆ ಉಪಚಾರ ಆಗಿಲ್ಲ.

ಕಟಪಾಡಿ–ದುಬೈ · ಸೆಪ್ಟೆಂಬರ್ 27

ಅಕ್ಕ, ಹಂಚಿಗೆ ಪ್ರೆಷರ್ ವಾಷರ್ ಹಿಡಿಯಬಹುದಾ? ನಮ್ಮ ಊರಿನ ಮನೆ ಬೀಗ ಹಾಕಿಯೇ ಇರುವುದು. ನನಗೆ ರಜೆ ಸಿಗುವುದು ಜುಲೈಯಲ್ಲಿ, ಮಕ್ಕಳ ಶಾಲೆಗೆ ರಜೆ ಆಗಲೇ. ಮಾಡಿನಲ್ಲಿ ಪಾಚಿ ಬೆರಳಿನಷ್ಟು ದಪ್ಪ ಆಗಿದೆ.

ಮೂಡಬಿದಿರೆ ತೋಟದ ಮನೆ · ಸೆಪ್ಟೆಂಬರ್ 27

ಹಿಡಿಯಬೇಡ ತಮ್ಮ. ಹಂಚು ಮೇಲಿನಿಂದ ಕೆಳಗೆ ಬರುವ ನೀರಿಗೆ ಮಾಡಿದ್ದು. ಕೆಳಗಿನಿಂದ ಮೇಲಕ್ಕೆ ಜೋರಾಗಿ ನೀರು ಹೊಡೆದರೆ ಸಂದಿಯಿಂದ ನೇರ ಒಳಗೆ, ಅಟ್ಟಕ್ಕೆ. ಹಳೆಯ ಹಂಚು ಒಡೆದರೂ ಒಡೆಯಿತು. ಇನ್ನು ಜುಲೈಯಲ್ಲಿ ಮಾಡು ಹತ್ತುವ ಮಾತು ಎತ್ತಲೇಬೇಡ. ಸಾಬೂನು ಹಚ್ಚಿದ ಹಾಗೆ ಇರುತ್ತದೆ. ಮಾಡು ಹತ್ತುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ, ಅದೂ ಗೊತ್ತಿದ್ದವರು. ಬಿಸಿಲಿಗೆ ಪಾಚಿ ಒಣಗಿ ಚಕ್ಕೆ ಆಗಿರುತ್ತದೆ, ಮರದ ತುಂಡಿನಲ್ಲಿ ಕೆರೆದರೆ ಅದೇ ಏಳುತ್ತದೆ. ನೀನು ಊರಲ್ಲಿ ಇರಬೇಕಾಗಿಲ್ಲ, ಕೀ ಯಾರ ಹತ್ತಿರ ಉಂಟೋ ಅವರಿಗೆ ಹೇಳು.

ಉಳ್ಳಾಲ ಪಡು · ಸೆಪ್ಟೆಂಬರ್ 28

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ನಮ್ಮ ಮನೆ ಸಮುದ್ರದಿಂದ ಮುನ್ನೂರು ಮೀಟರ್. ನಮಗೆ ಪಾಚಿಗಿಂತ ಉಪ್ಪಿನ ಕಾಟ ಜಾಸ್ತಿ. ಬೇಸಿಗೆಯಲ್ಲಿ ಕಡಲ ಗಾಳಿಗೆ ಕಿಟಕಿಯ ಗ್ರಿಲ್, ಗೇಟು, ಶೀಟ್‌ನ ಬೋಲ್ಟ್ ಎಲ್ಲದರ ಮೇಲೆ ಉಪ್ಪು ಕೂತಿರುತ್ತದೆ. ಕೈ ಆಡಿಸಿದರೆ ಅಂಟು. ಹಾಗಾಗಿ ನಾವು ತಿಂಗಳಿಗೊಮ್ಮೆ ಪೈಪ್‌ನಲ್ಲಿ ಸಾದಾ ನೀರು ಬಿಟ್ಟು ತೊಳೆಯುತ್ತೇವೆ, ಮೇಯಲ್ಲಿ ಕೂಡ. ಮಳೆಗಾಲದಲ್ಲಿ ಆ ಕೆಲಸ ಮಳೆಯೇ ಮಾಡುತ್ತದೆ, ಮಾಡಿನ ಅಡಿಯಲ್ಲಿ ಮಳೆ ತಾಗದ ಗ್ರಿಲ್ ಬಿಟ್ಟು. ನೋಡಿ ಬೇಕಾದರೆ, ತುಕ್ಕು ಮೊದಲು ಹಿಡಿಯುವುದು ಆ ನೆರಳಿನ ಗ್ರಿಲ್‌ಗೆ.

ಬಿಜೈ ಮನೆ · ಸೆಪ್ಟೆಂಬರ್ 28

ಮೇಯಲ್ಲಿ ನಿಮಗೆ ನೀರು ಎಲ್ಲಿಂದ? ನಮಗೆ ಆ ಹೊತ್ತಿಗೆ ಬಾವಿಯಲ್ಲಿ ಬಕೆಟ್ ತಳಕ್ಕೆ ತಾಗುತ್ತದೆ. ವಾಷರ್‌ನವ ಬಂದ ದಿನ ಎರಡು ಟ್ಯಾಂಕರ್ ತರಿಸಿದ್ದು ನಾನು, ಅದರ ದುಡ್ಡು ಬೇರೆ.

ಮಣಿಪಾಲ ಫ್ಲಾಟ್ · ಸೆಪ್ಟೆಂಬರ್ 28

ಇದನ್ನು ಯಾರೂ ಹೇಳಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ಮಂಗಳೂರಿಗೆ ತುಂಬೆ ಡ್ಯಾಮ್, ಉಡುಪಿಗೆ ಸ್ವರ್ಣಾ ನದಿಯ ಬಜೆ. 2019ರಲ್ಲಿ ಎರಡೂ ಕಡೆ ಮೇ ತಿಂಗಳಲ್ಲಿ ನೀರು ರೇಷನ್ ಆಯಿತು, ನೆನಪುಂಟಾ? ಕುಡಿಯಲು ದಿನ ಬಿಟ್ಟು ದಿನ ನೀರು ಬರುವಾಗ ನಮ್ಮ ಅಸೋಸಿಯೇಷನ್‌ನವರು ಪಾರ್ಕಿಂಗ್ ಜಾಗ ತೊಳೆಸುತ್ತಿದ್ದರು. ಆ ಮೀಟಿಂಗಿನಲ್ಲಿ ಆದ ಜಗಳ ಇನ್ನೂ ಮುಗಿದಿಲ್ಲ. ಈಗ ನಮ್ಮಲ್ಲಿ ದೊಡ್ಡ ತೊಳೆತ ನವೆಂಬರ್ ಕೊನೆಗೆ ಮಾತ್ರ. ಬಾವಿ ತುಂಬಿರುತ್ತದೆ, ಬಿಸಿಲೂ ಇರುತ್ತದೆ.

ಮೇಯಲ್ಲಿ ಟೆರೇಸ್‌ನ ಪೈಪ್ ಬಾಯಿ, ಸನ್‌ಶೇಡ್ ಮೇಲಿನ ಕಸ, ಚರಂಡಿ ಇಷ್ಟೇ. ಸನ್‌ಶೇಡ್ ಮರೆಯಬೇಡಿ. ಅಲ್ಲಿ ಎಲೆ ಕೂತು ನೀರು ನಿಂತರೆ ಗೋಡೆಗೂ ಕೇಡು, ಸೊಳ್ಳೆಗೂ ಮನೆ. ಡೆಂಗ್ಯೂ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು.

ಉಳ್ಳಾಲ ಪಡು · ಸೆಪ್ಟೆಂಬರ್ 28

ಬಿಜೈಯವರೇ, ನಾನು ಹೇಳಿದ್ದು ಗ್ರಿಲ್‌ಗೆ ನಾಲ್ಕು ಬಕೆಟ್, ಇಡೀ ಮನೆಗೆ ಅಲ್ಲ. ಆದರೆ ಫ್ಲಾಟ್‌ನವರು ಹೇಳಿದ್ದು ಸರಿ.

ಬ್ರಹ್ಮಾವರ ಟೀಚರ್ · ಸೆಪ್ಟೆಂಬರ್ 30

ಎಲ್ಲರೂ ತಿಂಗಳು ಹೇಳುತ್ತಿದ್ದೀರಿ. ಗೋಡೆ ಯಾವ ದಿಕ್ಕಿಗೆ ಎಂದು ಯಾರೂ ಕೇಳಲಿಲ್ಲ. ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳುವವಳು ನಾನು, ಸ್ವಲ್ಪ ಪಾಠ ಬಂದರೆ ಸಹಿಸಿಕೊಳ್ಳಿ.

ನಮ್ಮ ಊರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಏಪ್ರಿಲ್ 24-25ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಆಗಸ್ಟ್ 18ರ ತನಕ ಮಧ್ಯಾಹ್ನದ ಸೂರ್ಯ ನಮ್ಮಿಂದ ಉತ್ತರಕ್ಕೆ. ಅಂದರೆ ಉತ್ತರದ ಗೋಡೆಗೆ ಒಳ್ಳೆಯ ಬಿಸಿಲು ಬೀಳಬೇಕಾದದ್ದು ಆಗಲೇ. ಆದರೆ ಆಗ ಇರುವುದು ಮೋಡ. ಮೋಡ ಹೋಗುವಾಗ ಸೂರ್ಯ ದಕ್ಷಿಣಕ್ಕೆ ಸರಿದಾಗಿದೆ. ಸೆಪ್ಟೆಂಬರ್ 23ರ ನಂತರ ಮಾರ್ಚ್ 21ರವರೆಗೆ, ಆರು ತಿಂಗಳು, ಉತ್ತರದ ಗೋಡೆಗೆ ನೇರ ಬಿಸಿಲು ಒಂದು ನಿಮಿಷ ಕೂಡ ಇಲ್ಲ. ಹಾಗಾಗಿ ಆ ಗೋಡೆ ನವೆಂಬರ್‌ನಲ್ಲೂ ಹಸಿರು. ಅದು ನಿಮ್ಮ ಪೇಂಟ್‌ನ ತಪ್ಪು ಮಾತ್ರ ಅಲ್ಲ.

ಪಡುಗೋಡೆಯದ್ದು ಉಲ್ಟಾ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ. ಪೆಟ್ಟು ಜಾಸ್ತಿ ತಿನ್ನುವುದು ಅದೇ. ಆದರೆ ನವೆಂಬರ್‌ನಿಂದ ದಿನಾ ಸಂಜೆ ಬಿಸಿಲು ಸಿಗುತ್ತದೆ, ಬೇಗ ಒಣಗುತ್ತದೆ. ದಕ್ಷಿಣದ ಗೋಡೆ ಎಲ್ಲಕ್ಕಿಂತ ಮೊದಲು.

ನಮ್ಮಲ್ಲಿ ದಕ್ಷಿಣ, ಪಶ್ಚಿಮ ಡಿಸೆಂಬರ್‌ನಲ್ಲಿ ತೊಳೆದು ಜನವರಿಯಲ್ಲಿ ಪೇಂಟ್. ಉತ್ತರದ್ದು ಕೂಡ ಅದೇ ಹೊತ್ತಿಗೆ ತೊಳೆಯುವುದು, ಆದರೆ ಪೇಂಟ್ ಮಾರ್ಚ್ ಕೊನೆಗೆ. ಎರಡು ಸಲ ಕೆಲಸದವರನ್ನು ಕರೆಯಬೇಕು, ಅದು ಹೌದು.

ಸುರತ್ಕಲ್ ಪೇಂಟರ್ · ಸೆಪ್ಟೆಂಬರ್ 30

ಟೀಚರೇ, ನಮಸ್ಕಾರ. ಉತ್ತರದ ಗೋಡೆ ತಡವಾಗಿ ಒಣಗುತ್ತದೆ ಎಂದು ನನಗೆ ಕೈಯಲ್ಲಿ ಗೊತ್ತಿತ್ತು, ಯಾಕೆ ಎಂದು ಇವತ್ತು ಗೊತ್ತಾಯಿತು. ಆದರೆ ಒಂದೇ ಗೋಡೆಗೆ ಮಾರ್ಚ್‌ನಲ್ಲಿ ಮತ್ತೆ ಅಟ್ಟಣಿಗೆ ಕಟ್ಟಲು ಯಾರೂ ಒಪ್ಪುವುದಿಲ್ಲ, ನಾನೂ ಸೇರಿ. ಮೊದಲೇ ಮಾತಾಡಿ ರೇಟ್ ಮಾಡಿಕೊಳ್ಳಬೇಕು. ಇನ್ನೊಂದು, ದೀಪಾವಳಿ ಮತ್ತು ಕ್ರಿಸ್‌ಮಸ್‌ಗೆ ಮೊದಲು ನಮ್ಮ ಕೈಯಲ್ಲಿ ಜನ ಇರುವುದಿಲ್ಲ. ಆಗ ಕರೆದರೆ ಓಡಿ ಓಡಿ ಮಾಡಿ ಹೋಗುತ್ತಾರೆ. ಜನವರಿ ಎರಡನೇ ವಾರ ಕೇಳಿ, ನಿಧಾನಕ್ಕೆ, ಚಂದ ಮಾಡಿ ಕೊಡುತ್ತಾರೆ.

ಬಿಜೈ ಮನೆ · ಅಕ್ಟೋಬರ್ 1

ಗೋಡೆ ಕಾಯುತ್ತದೆ, ಸರಿ. ಅಮ್ಮನ ಮೆಟ್ಟಿಲು ಕಾಯುವುದಿಲ್ಲ. ಅದಕ್ಕೆ ಈಗ ಎಂತ ಮಾಡುವುದು? ಅಂಗಳದ ಇಂಟರ್‌ಲಾಕ್ ಕೂಡ ಹಾಗೇ. ಮುರಕಲ್ಲಿನ ಕಾಂಪೌಂಡಿಗೆ ಮೇಯಲ್ಲಿ ವಾಷರ್ ಹಿಡಿದಾಗ ಕೆಳಗೆ ಕೆಂಪು ನೀರು ಹರಿಯಿತು, ಓಕುಳಿ ಆಡಿದ ಹಾಗೆ. ಈಗ ಕಲ್ಲಿನಲ್ಲಿ ಬೆರಳು ಹೋಗುವಷ್ಟು ಗುಂಡಿಗಳು.

ಮೂಡಬಿದಿರೆ ತೋಟದ ಮನೆ · ಅಕ್ಟೋಬರ್ 1

ಅಯ್ಯೋ, ಆ ಕೆಂಪು ನೀರು ಕಲ್ಲೇ! ಮುರಕಲ್ಲಿನ ಒಳಗಿನ ಮೆದು ಮಣ್ಣು ಎಲ್ಲ ತೊಳೆದು ಹೋಗಿದೆ. ಆ ಗುಂಡಿಯಲ್ಲಿ ಇನ್ನು ನೀರು ನಿಲ್ಲುತ್ತದೆ, ಪಾಚಿ ದುಪ್ಪಟ್ಟು. ಮುರಕಲ್ಲಿಗೆ ತೆಂಗಿನ ಸಿಪ್ಪೆ ಮತ್ತು ಬಕೆಟ್ ನೀರು, ಅಷ್ಟೇ. ಆಸಿಡ್ ಅಂತೂ ಮುಟ್ಟಿಸಬೇಡಿ, ಸಂದಿನ ಸಿಮೆಂಟ್ ತಿಂದು ಹಾಕುತ್ತದೆ.

ಮೆಟ್ಟಿಲಿಗೆ ನಾವು ಆಟಿಯಲ್ಲೇ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಶುರು ಮಾಡುತ್ತೇವೆ. ಆಟಿಯಲ್ಲಿ ನಡುವೆ ಎರಡು ಮೂರು ದಿನ ಬಿಸಿಲು ಬೀಳುತ್ತದಲ್ವಾ, ಅದನ್ನು ಬಿಡುವುದಿಲ್ಲ. ಅರ್ಧ ಬಕೆಟ್ ನೀರಿಗೆ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಕದಡಿ, ಗಸಿ ಕೂತ ಮೇಲೆ ಮೇಲಿನ ತಿಳಿ ಹೊಯ್ಯುವುದು. ಇಪ್ಪತ್ತು ನಿಮಿಷ ಬಿಟ್ಟು ಹಿಡಿಸೂಡಿಯಲ್ಲಿ ತಿಕ್ಕುವುದು. ಆಮೇಲೆ ನೀರು. ಮೂರು ವಾರಕ್ಕೊಮ್ಮೆ. ಹಸಿರು ದಪ್ಪವಾಗುವ ಮೊದಲೇ ಮಾಡಿದರೆ ಐದು ನಿಮಿಷದ ಕೆಲಸ, ದಪ್ಪವಾದ ಮೇಲೆ ಸೊಂಟ ಹೋಗುತ್ತದೆ.

ಪೌಡರ್ ಹೊಸದಿರಬೇಕು. ಕಳೆದ ವರ್ಷದ ಪ್ಯಾಕೆಟ್ ಹಸಿ ಹಿಡಿದು ಗಟ್ಟಿಯಾಗಿದ್ದರೆ ಅದರಲ್ಲಿ ಬರೀ ಸುಣ್ಣ ಉಳಿದಿರುತ್ತದೆ.

ಮಣಿಪಾಲ ಫ್ಲಾಟ್ · ಅಕ್ಟೋಬರ್ 1

ಒಂದು ಸೇರಿಸುತ್ತೇನೆ, ದಯವಿಟ್ಟು ಸುಮ್ನೆ ಓದಿ ಬಿಡಬೇಡಿ. ಬ್ಲೀಚಿಂಗ್ ಪೌಡರ್ ಹಾಕಿದಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಬಾರದು. ನಮ್ಮ ವಾಚ್‌ಮನ್ "ಎರಡೂ ಸೇರಿದರೆ ಬೇಗ ಹೋಗುತ್ತದೆ" ಎಂದು ಹಾಕಿ, ಬಂದ ಹೊಗೆಗೆ ಕೆಮ್ಮಿ ಕೆಮ್ಮಿ ಆಸ್ಪತ್ರೆಗೆ ಹೋಗಬೇಕಾಯಿತು. ಅದು ಕ್ಲೋರಿನ್ ಗ್ಯಾಸ್, ವಿಷ.

ಬಿಜೈಯವರೇ, ನಿಮ್ಮ ಬಾವಿ ಹಿಂದುಗಡೆ ಎಂದಿರಿ, ಮೆಟ್ಟಿಲೂ ಹಿಂದುಗಡೆ. ತೊಳೆದ ನೀರು ಬಾವಿಕಟ್ಟೆಯ ಕಡೆಗೆ ಹೋಗದ ಹಾಗೆ ನೋಡಿ. ಮಲ್ಲಿಗೆ ಗಿಡ ಇದ್ದರೆ ಅದಕ್ಕೂ ಬೀಳಬಾರದು.

ಕಾಪು ಕಡಲ ಬದಿ · ಅಕ್ಟೋಬರ್ 2

ಇಂಟರ್‌ಲಾಕ್‌ಗೆ ವಾಷರ್ ಹಿಡಿದರೆ ಸಂದಿಯ ಮರಳು ಎಲ್ಲ ಹಾರುತ್ತದೆ. ಆಮೇಲೆ ಇಟ್ಟಿಗೆ ಅಲುಗಾಡುತ್ತದೆ, ಸಂದಿಯಲ್ಲಿ ಹುಲ್ಲು. ಹಿಡಿಯಲೇಬೇಕಿದ್ದರೆ ನೀರು ಬೀಸಣಿಗೆಯ ಹಾಗೆ ಅಗಲ ಬರುವ ಮೂತಿ ಹಾಕಿ, ಒಂದೂವರೆ ಅಡಿ ದೂರದಿಂದ, ಓರೆಯಾಗಿ. ಒಣಗಿದ ಮೇಲೆ ಸಣ್ಣ ಮರಳು ಗುಡಿಸಿ ಸಂದಿ ತುಂಬಿಸಿ. ಮರಳು ಎಂದರೆ ಕಡಲ ಬದಿಯ ಹೊಯಿಗೆ ಅಲ್ಲ ಮತ್ತೆ, ಅದರಲ್ಲಿ ಉಪ್ಪು. ನಾನು ಹಾಕಿ ಅನುಭವಿಸಿದ್ದೇನೆ, ಇಟ್ಟಿಗೆ ಮೇಲೆಲ್ಲ ಬಿಳಿ ಕಲೆ.

ಕಟಪಾಡಿ–ದುಬೈ · ಅಕ್ಟೋಬರ್ 2

ನವೆಂಬರ್ ಎಂದರೆ ಗ್ಯಾರಂಟಿ ಒಣ ಹವೆಯಾ? ಟಿಕೆಟ್ ಬದಲಿಸಿ ಬರುವ ಎಂದು ನೋಡುತ್ತಿದ್ದೇನೆ.

ಮೂಡಬಿದಿರೆ ತೋಟದ ಮನೆ · ಅಕ್ಟೋಬರ್ 2

ಗ್ಯಾರಂಟಿ ಎಂತದ್ದು. 2021ರ ನವೆಂಬರ್ ಕೇಳು. ತಿಂಗಳಿಡೀ ಮಳೆ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ದಿನಕ್ಕೆ ನಾಲ್ಕು ಸಲ ಟಾರ್ಪಾಲು ಮುಚ್ಚಿ ತೆಗೆದು, ಕೊನೆಗೆ ಅರ್ಧ ಬೂಸ್ಟು. ಡಿಸೆಂಬರ್‌ಗೆ ಬಾ.

ಬಿಜೈ ಮನೆ · ನವೆಂಬರ್ 29

ಇಲ್ಲಿ ಬರೆದವರಿಗೆ ವರದಿ ಒಪ್ಪಿಸಬೇಕಲ್ವಾ.

ಮೆಟ್ಟಿಲು ಅಕ್ಟೋಬರ್ ಮೂರಕ್ಕೇ ಮಾಡಿದೆ. ತಿಳಿ ಹೊಯ್ದು ಇಪ್ಪತ್ತು ನಿಮಿಷಕ್ಕೆ ಹಸಿರು ಹೋಗಿ ಬೆಣ್ಣೆಯ ಬಣ್ಣ ಬಂತು. ಈಗ ಮೂರನೇ ಸಲ ಆಯಿತು. ಅಮ್ಮ ಈಗಲೂ ಗೋಡೆ ಹಿಡಿದೇ ಇಳಿಯುವುದು, ಆದರೆ ಇಳಿಯುತ್ತಾರೆ.

ಸನ್‌ಶೇಡ್ ಮೇಲೆ ಹತ್ತಿ ನೋಡಿದೆ. ಪಡು ಬದಿಯಲ್ಲಿ ಗುಳ್ಳೆ ಬಂದದ್ದರ ನೇರ ಮೇಲೆ ಕೊಳೆತ ಎಲೆ, ಒಂದು ಚೆಂಡು, ಯಾರದ್ದೋ ಚಪ್ಪಲಿ. ನೀರು ಹೋಗುವ ಪೈಪ್ ಪೂರ್ತಿ ಕಟ್ಟಿತ್ತು. ಮೇಯಲ್ಲಿ ಎರಡು ಟ್ಯಾಂಕರ್ ನೀರು ಸುರಿದವರು ಅಲ್ಲಿಗೆ ಹತ್ತಿ ನೋಡಿಲ್ಲ, ನಾನೂ ನೋಡಿಲ್ಲ.

ಮೊನ್ನೆ ನಾಲ್ಕೂ ಗೋಡೆಗೆ ಪ್ಲಾಸ್ಟಿಕ್ ಅಂಟಿಸಿದೆ. ಪಕ್ಕದ ಮನೆಯವರು ಎಂತ ಇದು, ಗೋಡೆಗೆ ಗಾಯ ಆಗಿದೆಯಾ ಎಂದು ಕೇಳಿದರು. ಮರುದಿನ ತೆಗೆದಾಗ ದಕ್ಷಿಣದ್ದು ಒಣ. ಮೂಡು (ಪೂರ್ವ) ಬದಿಯೂ ಒಣ. ಪಡು ಬದಿಯಲ್ಲಿ ಅಂಚಿಗೆ ಸ್ವಲ್ಪ ಮಂಜು. ಉತ್ತರದ್ದನ್ನು ತೆಗೆಯುವಾಗ ಹನಿ ಕೆಳಗೆ ಓಡಿ ಟೇಪ್‌ನಲ್ಲಿ ನಿಂತಿತು. ಪೇಂಟರ್ ಅಣ್ಣ, ನಿಮಗೆ ಮೆಸೇಜ್ ಹಾಕಿದ್ದೇನೆ. ಮೂರು ಗೋಡೆಗೆ ಜನವರಿ ಎರಡನೇ ವಾರ, ಉತ್ತರಕ್ಕೆ ಮಾರ್ಚ್ ಕೊನೆ. ಅಟ್ಟಣಿಗೆಯ ರೇಟ್ ಹೇಳಿ.

ಸುರತ್ಕಲ್ ಪೇಂಟರ್ · ನವೆಂಬರ್ 29

ನೋಡಿದೆ ಅಣ್ಣ. ಆದಿತ್ಯವಾರ ಬಂದು ಗೋಡೆ ನೋಡುತ್ತೇನೆ. ಆ ಪ್ಲಾಸ್ಟಿಕ್ ಬಿಸಾಡಬೇಡಿ, ಮಾರ್ಚ್‌ಗೆ ಮತ್ತೆ ಬೇಕು.